ಬ್ಲೈಂಡ್ ಈಕ್ವಲೈಸೇಷನ್ನಿನ ಚರಿತ್ರೆ: ಒಂದು ಪರಿಶೀಲನೆ

ದೂರಸಂಪರ್ಕದ ಚರಿತ್ರೆಯೆಂದರೆ ಹೊಸ ಹೊಸ ಯಂತ್ರಗಳ ವೃತ್ತಾಂತವೆಂಬ ಭಾವನೆ ಸಾಮಾನ್ಯವಾಗಿದೆ. ಸಂದೇಶವು ದಾರಿಯಲ್ಲಿ ಕೆಡುವುದಕ್ಕೂ ಅದನ್ನು ಸರಿಪಡಿಸುವುದಕ್ಕೂ ಒಂದು ಚರಿತ್ರೆಯುಂಟು. ಅದರ ಒಂದು ಘಟ್ಟವನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ತಂತಿಯ ಮೂಲಕ ವಿಕ್ಟೋರಿಯಾ ರಾಣಿಯ ಸಂದೇಶವು ಅಮೆರಿಕವನ್ನು ಮುಟ್ಟಿತು. ನೂರು ಪದಗಳಿಗೂ ಕಡಮೆಯಿದ್ದ ಅದಕ್ಕೆ ಸುಮಾರು 16 ಗಂಟೆ ಹಿಡಿಯಿತು. ದೀರ್ಘವಾದ ತಂತಿಯಲ್ಲಿ ವಿದ್ಯುತ್ತಿನ ಮಿಡಿತವು ಹರಡಿಕೊಂಡು, ಒಂದು ಸಂಕೇತದ ಶೇಷವು ಮುಂದಿನದರೊಡನೆ ಬೆರೆಯುತ್ತದೆ. ವೇಗ ಹೆಚ್ಚಿದಷ್ಟೂ ಈ ಬೆರಕೆ ಹೆಚ್ಚು. ಟೆಲಿಫೋನ್ ತಂತಿಗಳಲ್ಲಿ ಅಂಕರೂಪದ ಸಂದೇಶಗಳನ್ನು ಕಳುಹಿಸತೊಡಗಿದಾಗಲೂ ಇದೇ ತೊಡಕು ಎದುರಾಯಿತು. ಗ್ರಾಹಕ ಯಂತ್ರದಲ್ಲಿ ಈ ಬೆರಕೆಯನ್ನು ಬಿಡಿಸುವ ಸಾಧನವೇ ಈಕ್ವಲೈಸರ್.

ಬೆಲ್ ಪ್ರಯೋಗಾಲಯದ ರಾಬರ್ಟ್ ಲಕಿಯವರು 1965ರಲ್ಲಿ ತಾನಾಗಿಯೇ ಹೊಂದಿಕೊಳ್ಳುವ ಈಕ್ವಲೈಸರನ್ನು ವಿವರಿಸಿದರು. ಸಂದೇಶಕ್ಕೆ ಮೊದಲು, ಇತ್ತಂಡಗಳಿಗೂ ತಿಳಿದ ಪರೀಕ್ಷಾ ಮಿಡಿತಗಳನ್ನು ಕಳುಹಿಸಬೇಕು. ಬಂದುದನ್ನು ತಿಳಿದುದರೊಡನೆ ಹೋಲಿಸಿ ಸಾಧನವು ತಿದ್ದಿಕೊಳ್ಳುವುದು. ಮರುವರ್ಷ ಅವರು, ಸಾಧನವು ತನ್ನ ತೀರ್ಮಾನಗಳನ್ನೇ ಸರಿಯೆಂದು ನಂಬಿ ಮುಂದುವರಿಯುವ ಕ್ರಮವನ್ನು ಪ್ರಕಟಿಸಿದರು. ಆದರೆ ಆರಂಭದಲ್ಲಿಯೇ ತೀರ್ಮಾನಗಳು ಬಹುಮಟ್ಟಿಗೆ ತಪ್ಪಾಗಿದ್ದರೆ ಆ ನಂಬಿಕೆ ನೆರವಾಗದು. ಒಂದು ಕೇಂದ್ರಕ್ಕೆ ಅನೇಕ ಠಾಣ್ಯಗಳು ಸೇರಿರುವ ಜಾಲದಲ್ಲಿ ಬೇರೊಂದು ಕಷ್ಟವುಂಟು: ಒಂದು ಠಾಣ್ಯವು ಹಿಡಿತ ತಪ್ಪಿದರೆ, ಅದಕ್ಕಾಗಿ ಎಲ್ಲರ ಕೆಲಸವನ್ನೂ ನಿಲ್ಲಿಸಿ ಪಾಠವನ್ನು ಮತ್ತೆ ಹೇಳಬೇಕು.

ಪಾಠವಿಲ್ಲದೆಯೇ ಕಲಿಯುವ ಉಪಾಯವನ್ನು 1975ರಲ್ಲಿ ಜಪಾನಿನ ಯೋಯಿಚಿ ಸಾಟೋ ಅವರೂ, 1980ರಲ್ಲಿ ಫ್ರಾನ್ಸಿನ ಐಬಿಎಂ ಸಂಸ್ಥೆಯಲ್ಲಿದ್ದ ಡೊಮಿನಿಕ್ ಗೊಡಾರ್ ಅವರೂ ಪ್ರಕಟಿಸಿದರು. 1983ರಲ್ಲಿ ಟ್ರೈಕ್ಲರ್ ಮತ್ತು ಏಜೀ ಅವರು, ಪ್ರಮಾಣವು ಸ್ಥಿರವಾಗಿರುವ ಸಂಕೇತಗಳಿಗೆ ಇಂತಹುದೇ ವಿಧಾನವನ್ನು ನಿರೂಪಿಸಿದರು.

ಈ ವಿಧಾನಕ್ಕೆ ‘ಬ್ಲೈಂಡ್’, ಎಂದರೆ ಕುರುಡು, ಎಂಬ ಹೆಸರು ನಿಂತಿತು. ಇದರಿಂದ ಪೂರ್ವಜ್ಞಾನವೇ ಬೇಡವೆಂದು ಭಾವಿಸುವುದು ಸರಿಯಲ್ಲ. ಸಾಟೋ ಅವರ ಸಾಧನಕ್ಕೆ, ಕಳುಹಿಸಿದ ಸಂಕೇತಗಳು ಕೆಲವೇ ನಿಯತ ಮಟ್ಟಗಳಲ್ಲಿರುತ್ತವೆಂದು ತಿಳಿದಿತ್ತು. ಗೊಡಾರ್ ಅವರ ಸಾಧನಕ್ಕೆ ಅವುಗಳ ಪ್ರಮಾಣದ ಹಂಚಿಕೆ ತಿಳಿದಿತ್ತು. ತಿಳಿಯದಿದ್ದುದು ಸಂದೇಶ; ಸಂದೇಶದ ರೀತಿಯಲ್ಲ. ಸವೆದ ಶಾಸನವನ್ನು ಓದುವವರು ಲಿಪಿಯ ಮತ್ತು ಪ್ರಶಸ್ತಿಯ ವಾಡಿಕೆಯನ್ನು ಅರಿತು ಅಕ್ಷರಗಳನ್ನು ಊಹಿಸುವಂತೆಯೇ ಇದು.

ಈ ಹೋಲಿಕೆಯಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ಎರಡೇ ಮಟ್ಟಗಳ ಸಂಕೇತದಲ್ಲಿ ಧನವೆಲ್ಲ ಋಣವಾಗಿ, ಋಣವೆಲ್ಲ ಧನವಾಗಿ ತಿರುಗಿದರೂ ರೀತಿ ಕೆಡುವುದಿಲ್ಲ. ಆದ್ದರಿಂದ ಸಾಧನವು ಆ ತಪ್ಪನ್ನು ತಾನಾಗಿ ಕಾಣಲಾರದು. ಅದನ್ನು ತಪ್ಪಿಸಲು, ಸಂಕೇತದ ಬೆಲೆಗೆ ಬದಲಾಗಿ ಹಿಂದಿನದಕ್ಕಿಂತ ಆದ ವ್ಯತ್ಯಾಸದಲ್ಲಿ ಸಂದೇಶವನ್ನು ಅಡಗಿಸುವ ಕ್ರಮ ಬಳಕೆಯಲ್ಲಿದೆ. ನಾವು ಪೂರೈಸಿದ ಪಾಠವೂ ತನ್ನೊಳಗೆ ಸುಸಂಗತವಾಗಿದ್ದು ಸಮಗ್ರವಾಗಿ ತಪ್ಪಾಗಿರಬಹುದು. ಆದಕಾರಣ ಸುಸಂಗತಿಯೊಂದನ್ನೇ ಪ್ರಮಾಣವೆಂದು ಗಣಿಸದೆ, ಹೊರಗಿನ ಸಾಕ್ಷ್ಯವನ್ನು ಅರಸುವುದು ಚರಿತ್ರೆಯ ವಿದ್ಯಾರ್ಥಿಗೂ ಅವಶ್ಯವೆಂದು ನಮ್ಮ ಅಭಿಪ್ರಾಯ.