ಕ್ರಿಸ್‌ಮಸ್ ಹಬ್ಬಕ್ಕೆ ಮರದ ಆಯ್ಕೆ: ಕುಂಡದ ಗಿಡ ಮತ್ತು ಕಡಿದ ಕೊಂಬೆ

ಜಾವಳಿ ಹಾಗೂ ಕಳಸ ಸುತ್ತಿನ ಕಾಫಿ ಸೀಮೆಯಲ್ಲಿ ಕ್ರಿಸ್‌ಮಸ್ ಹಬ್ಬಕ್ಕಾಗಿ ಮರ ಅಥವಾ ಕೊಂಬೆಯನ್ನು ಕಡಿಯಲು ಉದ್ದೇಶಿಸುವ ಸಾರ್ವಜನಿಕರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ.

ಯುರೋಪ್ ಮತ್ತು ಅಮೆರಿಕಗಳಲ್ಲಿ ಫರ್, ಸ್ಪ್ರೂಸ್ ಮರಗಳನ್ನು ಹಬ್ಬಕ್ಕೆಂದೇ ಹೊಲಗಳಲ್ಲಿ ಬೆಳೆಸಿ, ಕೆಲವು ವರ್ಷಗಳ ನಂತರ ಕಟಾವು ಮಾಡಿ, ಮತ್ತೆ ಸಸಿ ನೆಡಲಾಗುತ್ತದೆ. ಕಡಿದ ಮರವೇ ಲೇಸೆಂಬ ಅಲ್ಲಿನ ಸಲಹೆಗೆ ಈ ಬೇಸಾಯವೇ ಆಧಾರ. ಮಲೆನಾಡಿನಲ್ಲಿ ಆ ಬೇಸಾಯ ರೂಢಿಯಲ್ಲಿಲ್ಲವಾದ್ದರಿಂದ ಆ ಸಲಹೆಯು ಇಲ್ಲಿಗೆ ಯಥಾವತ್ತಾಗಿ ಅನ್ವಯಿಸುವುದಿಲ್ಲ.

ತೋಟವಿರುವವರಿಗೆ ಸಿಲ್ವರ್ ಓಕ್ ಅಥವಾ ಸರ್ವೆ ಮರದ ಒಂದು ಕೊಂಬೆಯೇ ಸಾಕು. ಪರಿಸರಕ್ಕೆ ಅತಿ ಕಡಿಮೆ ಹಾನಿಯುಂಟುಮಾಡುವ ಆಯ್ಕೆಯೂ ಇದೇ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಕಾಫಿಗೆ ನೆರಳನ್ನೂ ಮೆಣಸಿನ ಬಳ್ಳಿಗೆ ಆಸರೆಯನ್ನೂ ಒದಗಿಸುತ್ತದೆ. ಮರಗಸಿಯಲ್ಲಿ ಹೇಗಿದ್ದರೂ ಕೊಂಬೆ ತೆಗೆಯುವುದುಂಟು. ಮರ ಮತ್ತೆ ಚಿಗುರುತ್ತದೆ. ಬಳ್ಳಿ ಹಬ್ಬಿದ ಮರವನ್ನು ಒಂದು ವಾರದ ಅಲಂಕಾರಕ್ಕೆ ಬುಡಸಮೇತ ಉರುಳಿಸುವುದು ಬೆಳೆಗಾರರಿಗೇ ನಷ್ಟ.

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ ಖಾಸಗಿ ಜಮೀನಿನಲ್ಲಿಯೂ ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಅಗತ್ಯ. ಸಿಲ್ವರ್ ಓಕ್, ಸರ್ವೆ, ನೀಲಗಿರಿ ಮುಂತಾದ ಜಾತಿಗಳಿಗೆ ವಿನಾಯಿತಿ ಇದೆ. ಇತರೆ ಜಾತಿಗಳಿಗೆ ಸರ್ವೆ ನಂಬರು, ಮರಗಳ ಜಾತಿ, ಸಂಖ್ಯೆ, ಸುತ್ತಳತೆ ಹಾಗೂ ಕಾರಣಗಳನ್ನು ನಮೂದಿಸಿ, ನಕ್ಷೆಯೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಅನುಮತಿ ಪಡೆದವರಿಗೆ ಬದಲಿ ಸಸಿ ನೆಡುವ ಹೊಣೆಯೂ ಇರುತ್ತದೆ. ಈ ವಿನಾಯಿತಿಯನ್ನು ಅರಣ್ಯ ಅಥವಾ ಸರ್ಕಾರಿ ಜಮೀನಿನಿಂದ ಕಡಿದು ತರಲು ಪರವಾನಗಿಯೆಂದು ಭಾವಿಸಬಾರದು.

ಜಾವಳಿಯ ಪರಿಸರದಲ್ಲಿ ಈ ಎಚ್ಚರಿಕೆಗೆ ವಿಶೇಷ ಕಾರಣವಿದೆ. ಹಾಸನ ಜಿಲ್ಲೆಯ ಗೊರೂರು ಜಲಾಶಯವನ್ನು ತುಂಬಿಸಿ ಕಾವೇರಿಯನ್ನು ಸೇರುವ ಹೇಮಾವತಿ ನದಿಯು ಇಲ್ಲಿಯೇ ಹುಟ್ಟುತ್ತದೆ. ಶೋಲಾ ಕಾಡಿನ ಅಂಚಿನ ಎಳೆಯ ಮರಗಳು ನೋಡಲು ಅಚ್ಚುಕಟ್ಟಾಗಿದ್ದರೂ ಇಳಿಜಾರಿನ ಮಣ್ಣನ್ನು ಹಿಡಿದಿಡುವುದು ಅವುಗಳ ಬೇರುಗಳೇ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಹಲವೆಡೆ ಗುಡ್ಡ ಕುಸಿದುದನ್ನು ಇಲ್ಲಿನ ಜನರು ಕಂಡಿದ್ದಾರೆ.

ತೋಟವಿಲ್ಲದವರು ನರ್ಸರಿಯಿಂದ ಅರಕೇರಿಯಾ ಗಿಡವನ್ನು ಕುಂಡದಲ್ಲಿ ತಂದು, ಅದನ್ನೇ ಹಲವು ವರ್ಷ ಬಳಸಬಹುದು. ಗಿಡವನ್ನು ಬೆಳಕಿರುವ ಕಿಟಕಿಯ ಬಳಿ ಇಟ್ಟು, ಮಣ್ಣು ಒಣಗಿದಾಗ ಮಾತ್ರ ನೀರುಣಿಸಬೇಕು. ತುದಿಯ ಕುಡಿಯನ್ನು ಚಿವುಟಬಾರದು. ಚಿವುಟಿದಲ್ಲಿ ಗೋಪುರದ ಆಕಾರ ಕೆಡುತ್ತದೆ. ಹಬ್ಬ ಮುಗಿದೊಡನೆ ನೆಲದಲ್ಲಿ ನೆಡುವುದು ಸಾಮಾನ್ಯ ತಪ್ಪು. ಜನವರಿಯಿಂದ ಬೇಸಿಗೆ ಕಳೆಯುವವರೆಗೆ ಮಳೆ ವಿರಳವಾಗಿರುವುದರಿಂದ ಜೂನ್ ತಿಂಗಳ ಮುಂಗಾರಿನವರೆಗೆ ಕುಂಡದಲ್ಲಿಯೇ ಇರಿಸುವುದು ಸೂಕ್ತ. ಬಹಳ ಎತ್ತರಕ್ಕೆ ಬೆಳೆಯುವ ಈ ಮರವನ್ನು ಮನೆಯ ಪಕ್ಕದಲ್ಲಾಗಲಿ ವಿದ್ಯುತ್ ತಂತಿಯ ಕೆಳಗಾಗಲಿ ನೆಡಬಾರದು. ಹೊರನಾಡಿನ ಜಾತಿಯಾದ ಕಾರಣ ಕಾಡಿನಂಚೂ ಇದಕ್ಕೆ ತಕ್ಕ ಸ್ಥಳವಲ್ಲ.

ಪ್ಲಾಸ್ಟಿಕ್ ಮರವನ್ನು ಈಗಾಗಲೇ ಹೊಂದಿರುವವರು ಅದನ್ನೇ ಮುಂದುವರಿಸುವುದು ಒಳಿತು. ಹಾಳಾದ ಮೇಲೆ ಅದನ್ನು ಸುಡಬಾರದು. ಕಡಿದ ಕೊಂಬೆಯಿಂದ ತಂತಿ, ದೀಪ, ಜರಿಗಳನ್ನು ಬಿಡಿಸಿ, ಚೂರು ಮಾಡಿ, ಕಾಫಿ ಗಿಡದ ಬುಡಕ್ಕೆ ತರಗಾಗಿ ಹಾಕಬಹುದು.