ವಿಷಮಾವಸ್ಥೆಯ ರೋಗಿಗಳ ಪರಿಚರ್ಯೆ: ಆಸ್ಪತ್ರೆಗಳ ಇತಿಹಾಸದಲ್ಲಿ ಒಂದು ವಿಚಾರ

೧

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಪರಿಚಾರಕ ಮತ್ತು ರೋಗಿ. ಪರಿಚಾರಕನಲ್ಲಿರಬೇಕಾದ ಗುಣಗಳೂ ನಾಲ್ಕು: ಉಪಚಾರದ ಅರಿವು, ದಕ್ಷತೆ, ತಾನು ಸೇವಿಸುವವನಲ್ಲಿ ಅನುರಾಗ, ಶುಚಿತ್ವ. ಆದರೆ ಈ ಪಾದಗಳಲ್ಲಿ ವೈದ್ಯನೇ ಪ್ರಧಾನನೆಂದೂ ಉಳಿದ ಮೂರು ಆತನ ಅಧೀನವೆಂದೂ ಆ ಗ್ರಂಥದ ನಿರ್ಣಯ. ಅರಿಯುವವನು ವೈದ್ಯ, ಆಜ್ಞಾಪಿಸುವವನು ವೈದ್ಯ. ಪರಿಚಾರಕನು ಆಜ್ಞೆಯನ್ನು ನಡೆಸತಕ್ಕವನು. ಈ ಅಭಿಪ್ರಾಯವು ಭರತಖಂಡಕ್ಕೆ ಮಾತ್ರ ಸೇರಿದುದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿ ಹೊಸದಾಗಿ ವ್ಯವಸ್ಥೆಗೊಂಡ ಆಸ್ಪತ್ರೆಗಳೂ ಇದೇ ತತ್ತ್ವದ ಮೇಲೆ ನಿಂತಿದ್ದುವು.

ಸಾಮಾನ್ಯ ರೋಗಗಳಲ್ಲಿ ಈ ಏರ್ಪಾಡಿನಿಂದ ವಿಶೇಷ ಹಾನಿಯಿಲ್ಲ. ಆದರೆ ರೋಗವು ವಿಷಮಾವಸ್ಥೆಗೆ ಬಂದಾಗ ಒಂದು ಕಷ್ಟವು ತಲೆದೋರುತ್ತದೆ. ವೈದ್ಯನು ಹಾಸಿಗೆಯ ಬಳಿಗೆ ಬಂದು ಹೋಗುವವನು. ಪರಿಚಾರಕನಾದರೋ ಅಲ್ಲಿಯೇ ಇರುವವನು. ಉಸಿರು ನಿಲ್ಲುವುದು, ಹೃದಯದ ಗತಿ ತಪ್ಪುವುದು, ಇವು ವೈದ್ಯನ ಭೇಟಿಯ ವೇಳೆಯನ್ನು ಕಾದು ಸಂಭವಿಸತಕ್ಕವಲ್ಲ. ಅಪಾಯವು ನಿಮಿಷಗಳಲ್ಲಿ ಬಂದು ನಿಮಿಷಗಳಲ್ಲಿ ಮುಗಿದುಹೋಗುವ ಕಡೆ, ಅರಿತವನು ದೂರದಲ್ಲಿದ್ದು ಹತ್ತಿರವಿರುವವನಿಗೆ ಅಧಿಕಾರವಿಲ್ಲದೆ ಹೋದರೆ ರೋಗಿಯ ಗತಿಯೇನು? ಕಳೆದ ನೂರೆಪ್ಪತ್ತು ವರ್ಷಗಳಲ್ಲಿ ವಿಷಮರೋಗಿಗಳ ಶುಶ್ರೂಷೆಯು ಸುಧಾರಿಸಿದ ಬಗೆಯನ್ನು ನೋಡಿದರೆ, ಆ ಸುಧಾರಣೆಯು ಯಂತ್ರಗಳಿಂದ ಆದುದಕ್ಕಿಂತ ಹೆಚ್ಚಾಗಿ ಈ ಪ್ರಶ್ನೆಗೆ ದೊರೆತ ಉತ್ತರಗಳಿಂದಲೇ ಆಯಿತೆಂಬುದು ವಿದಿತವಾಗುತ್ತದೆ. ಆ ಉತ್ತರಗಳು ಮೂರು ಘಟ್ಟಗಳಲ್ಲಿ ಬಂದುವು. ಮೊದಲನೆಯದು ನೋಡುವ ಕಣ್ಣು, ಎರಡನೆಯದು ಬಿಡದೆ ಇರುವ ಕೈ, ಮೂರನೆಯದು ಮಾಡುವ ಅಧಿಕಾರ.

೨

ಮೊದಲನೆಯ ಘಟ್ಟವು ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನೊಡನೆ ಸೇರಿದೆ. ಕ್ರಿಮಿಯ ಯುದ್ಧದ ಕಾಲದಲ್ಲಿ, ೧೮೫೪ರ ನವೆಂಬರಿನಲ್ಲಿ, ಆಕೆ ೩೮ ಮಂದಿ ದಾದಿಯರೊಡನೆ ಸ್ಕುಟಾರಿಯ ಸೈನಿಕಾಸ್ಪತ್ರೆಯನ್ನು ಸೇರಿದರು. ರಾತ್ರಿಯಲ್ಲಿ ದೀಪವನ್ನು ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆದ ಆಕೆಯ ಚಿತ್ರವು ಲೋಕಪ್ರಸಿದ್ಧವಾಗಿದೆ. ಆದರೆ ಅಂಕಿಗಳು ಹೇಳುವ ಕಥೆ ಬೇರೆ. ಆಕೆ ಬಂದ ಮೇಲೆಯೂ ಸಾವು ಹೆಚ್ಚುತ್ತಲೇ ಹೋಗಿ, ೧೮೫೫ರ ಫೆಬ್ರವರಿಯಲ್ಲಿ ನೂರಕ್ಕೆ ನಲವತ್ತನ್ನು ಮೀರಿತು. ಮಾರ್ಚಿ ತಿಂಗಳಿನಲ್ಲಿ ಇಂಗ್ಲೆಂಡಿನಿಂದ ಬಂದ ನೈರ್ಮಲ್ಯದ ಆಯೋಗದವರು ಕಟ್ಟಡದ ಕೆಳಗಿನ ಚರಂಡಿಗಳನ್ನು ತೊಳೆಯಿಸಿ ಗಾಳಿಯ ಸಂಚಾರಕ್ಕೆ ದಾರಿ ಮಾಡಿದ ತರುವಾಯವೇ ಅದು ಬೇಗಬೇಗನೆ ಇಳಿಯಿತು. ಯುದ್ಧಾನಂತರ ಅಂಕಿ ಅಂಶಗಳ ಪಂಡಿತನಾದ ವಿಲಿಯಂ ಫಾರ್‌ನೊಡನೆ ಕುಳಿತು ಲೆಕ್ಕವನ್ನು ಪರಿಶೀಲಿಸಿದ ನೈಟಿಂಗೇಲ್ ಅವರು ಚರಂಡಿಯ ಕೊಳೆ ಮತ್ತು ಕೆಟ್ಟ ಗಾಳಿ ಎಷ್ಟು ಜನರನ್ನು ಕೊಂದುವೆಂಬುದನ್ನು ಮನಗಂಡರು. ಬರಿಯ ಅನುರಾಗವು ರೋಗಿಯನ್ನು ಉಳಿಸದೆಂಬ ಈ ಅರಿವೇ ಅವರ ಮುಂದಿನ ಕೆಲಸಕ್ಕೆ ಅಡಿಗಲ್ಲಾಯಿತು.

೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆಯು ಅವರ ಹೆಸರಿನಲ್ಲಿ ಪ್ರಾರಂಭವಾಯಿತು. ಅದೇ ಕಾಲದಲ್ಲಿ ಪ್ರಕಟವಾದ ಅವರ ಶುಶ್ರೂಷೆಯ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವ ವಿಷಯಕ್ಕೇ ಒಂದು ಅಧ್ಯಾಯವು ಮೀಸಲಾಗಿದೆ. ಕಂಡುದನ್ನು ಕಂಡಂತೆ, ಊಹೆಯನ್ನು ಬೆರಸದೆ, ವೈದ್ಯನಿಗೆ ತಿಳಿಸುವುದು ದಾದಿಯ ಮುಖ್ಯ ಧರ್ಮವೆಂದು ಅವರು ವಿಧಿಸಿದರು. ಆದರೆ ಅವರ ವಿಧಿಯು ಅಲ್ಲಿಗೆ ನಿಂತಿತು. ತಿಳಿಸುವುದು ದಾದಿಯ ಕೆಲಸ, ನಿರ್ಣಯಿಸುವುದು ವೈದ್ಯನ ಕೆಲಸ ಎಂಬ ಎಲ್ಲೆಯನ್ನು ಅವರು ದಾಟಲಿಲ್ಲ. ಆ ಕಾಲದಲ್ಲಿ ಉಸಿರು ನಿಂತವನಿಗೆ ವೈದ್ಯನೂ ಮಾಡಬಹುದಾದುದು ಅತ್ಯಲ್ಪವಾಗಿದ್ದುದರಿಂದ, ಆ ಎಲ್ಲೆಯ ದೋಷವು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

೩

ಎರಡನೆಯ ಘಟ್ಟವು ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿ ೧೯೫೨ರಲ್ಲಿ ನಡೆಯಿತು. ಆ ವರ್ಷದ ಬೇಸಗೆಯಲ್ಲಿ ಪೋಲಿಯೊ ರೋಗವು ಆ ನಗರದಲ್ಲಿ ಹಿಂದೆಂದೂ ಕಾಣದ ರೀತಿಯಲ್ಲಿ ಹರಡಿತು. ಸಾಂಕ್ರಾಮಿಕ ರೋಗಗಳಿಗಾಗಿಯೇ ಇದ್ದ ಬ್ಲೆಗ್‌ಡಾಮ್ ಆಸ್ಪತ್ರೆಗೆ ಒಂದೊಂದು ದಿನ ಐವತ್ತು ಮಂದಿಯವರೆಗೂ ರೋಗಿಗಳು ಬರತೊಡಗಿದರು. ವರ್ಷಾಂತ್ಯದ ಹೊತ್ತಿಗೆ ಅವರ ಸಂಖ್ಯೆಯು ೨,೭೦೦ನ್ನು ಮೀರಿತು. ಇವರಲ್ಲಿ ಸುಮಾರು ಮುನ್ನೂರು ಮಂದಿಗೆ ರೋಗವು ಉಸಿರಾಟದ ಸ್ನಾಯುಗಳನ್ನೋ ನುಂಗುವ ಶಕ್ತಿಯನ್ನೋ ಹಿಡಿದಿದ್ದಿತು. ಇಂಥವರಿಗಾಗಿ ಆಸ್ಪತ್ರೆಯಲ್ಲಿದ್ದುದು ಅಮೆರಿಕದಲ್ಲಿ ೧೯೨೮ರಲ್ಲಿ ಡ್ರಿಂಕರ್ ಮತ್ತು ಷಾ ಎಂಬವರು ನಿರ್ಮಿಸಿದ ಮಾದರಿಯ ಒಂದೇ ಒಂದು 'ಕಬ್ಬಿಣದ ಶ್ವಾಸಕೋಶ', ಮತ್ತು ಎದೆಗೆ ಕವಚದಂತೆ ತೊಡಿಸುವ ಆರು ಚಿಕ್ಕ ಯಂತ್ರಗಳು. ಮೊದಲ ಮೂರು ವಾರಗಳಲ್ಲಿ ಈ ಯಂತ್ರಗಳ ನೆರವನ್ನು ಪಡೆದ ೩೧ ರೋಗಿಗಳಲ್ಲಿ ೨೭ ಮಂದಿ ಮರಣಹೊಂದಿದರು.

ಆಸ್ಪತ್ರೆಯ ಮುಖ್ಯವೈದ್ಯರಾದ ಲಾಸೆನ್ ಅವರು ಆಗಸ್ಟ್ ೨೫ರಂದು ಕರೆದ ಸಭೆಗೆ, ಬ್ಯೋರ್ನೆಬೋ ಎಂಬ ಸಹೋದ್ಯೋಗಿಯ ಸಲಹೆಯಂತೆ, ಅರಿವಳಿಕೆಯ ವೈದ್ಯರಾದ ಬ್ಯೋರ್ನ್ ಇಬ್ಸೆನ್ ಅವರನ್ನು ಬರಮಾಡಿಕೊಂಡರು. ಶಸ್ತ್ರಚಿಕಿತ್ಸೆಯ ಕೊಠಡಿಗೆ ಸೇರಿದ ಈ ವೈದ್ಯರನ್ನು ಜ್ವರದ ಆಸ್ಪತ್ರೆಗೆ ಕರೆಯುವುದು ಆಗಿನ ಪದ್ಧತಿಯಲ್ಲ. ಸತ್ತವರ ಶ್ವಾಸಕೋಶಗಳನ್ನು ಪರೀಕ್ಷಿಸಿದಾಗ, ಅವು ಸಾವಿಗೆ ಕಾರಣವಾಗುವಷ್ಟು ಕೆಟ್ಟಿರಲಿಲ್ಲವೆಂಬುದು ಇಬ್ಸೆನ್ ಅವರ ಕಣ್ಣಿಗೆ ಬಿದ್ದಿತು. ರಕ್ತಪರೀಕ್ಷೆಯಲ್ಲಿ ಕಂಡ ಒಂದು ವೈಪರೀತ್ಯವನ್ನು ಇತರರು ಕ್ಷಾರದ ಆಧಿಕ್ಯವೆಂದು ಎಣಿಸಿದ್ದರು. ಅದು ಹಾಗಲ್ಲ, ಉಸಿರಿನೊಡನೆ ಹೊರಹೋಗಬೇಕಾದ ಅಂಗಾರಾಮ್ಲವಾಯುವು ದೇಹದಲ್ಲಿಯೇ ನಿಂತುದರ ಗುರುತು ಎಂದು ಅವರು ವಾದಿಸಿದರು. ಎಂದರೆ ರೋಗಿಗಳು ಸಾಯುತ್ತಿದ್ದುದು ಮಿದುಳಿಗೆ ತಗುಲಿದ ರೋಗದ ಪ್ರಾಬಲ್ಯದಿಂದಲೇ ಅಲ್ಲ, ಗಾಳಿಯ ಕೊರತೆಯಿಂದ.

ಆಗಸ್ಟ್ ೨೭ರಂದು, ಸಾವಿನ ಅಂಚಿನಲ್ಲಿದ್ದ ಹನ್ನೆರಡು ವರ್ಷದ ಒಬ್ಬ ಬಾಲಕಿಯಲ್ಲಿ ಈ ವಾದವು ಪರೀಕ್ಷೆಗೆ ಬಂದಿತು. ಕುತ್ತಿಗೆಯಲ್ಲಿ ಶ್ವಾಸನಾಳವನ್ನು ತೆರೆದು ರಬ್ಬರಿನ ನಳಿಕೆಯನ್ನು ಇಡಲಾಯಿತು. ಆಕೆಯು ಒದ್ದಾಡಿ ಉಸಿರಿಗೆ ಅಡ್ಡಿಯಾದಾಗ ಇಬ್ಸೆನ್ ಅವರು ನಿದ್ರೆಯ ಮದ್ದನ್ನು ಕೊಟ್ಟು, ಆ ಒದ್ದಾಟವು ಶಾಂತವಾದ ಮೇಲೆ ನಳಿಕೆಗೆ ಸೇರಿದ ರಬ್ಬರಿನ ಚೀಲವನ್ನು ಕೈಯಿಂದ ಹಿಂಡಿ ಗಾಳಿಯನ್ನು ಒಳಕ್ಕೆ ತುಂಬತೊಡಗಿದರು. ಬಾಲಕಿಯು ಚೇತರಿಸಿಕೊಂಡಳು. ಮತ್ತೆ ಕವಚಯಂತ್ರಕ್ಕೆ ಹಾಕಿ ನೋಡಿದಾಗ ಅವಸ್ಥೆಯು ಕೆಟ್ಟಿತು; ಚೀಲಕ್ಕೆ ಮರಳಿಸಿದಾಗ ಸುಧಾರಿಸಿತು. ಸಂದೇಹಕ್ಕೆ ಎಡೆಯುಳಿಯಲಿಲ್ಲ.

ಉಪಾಯವು ಸಿಕ್ಕಿತು, ಆದರೆ ಚೀಲವನ್ನು ಹಿಂಡುವವರು ಯಾರು? ಉಸಿರಿಗೆ ವಿರಾಮವಿಲ್ಲ. ಒಬ್ಬ ರೋಗಿಗೆ ಹಗಲಿರುಳೂ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಒಂದು ಕೈಯು ಆ ಚೀಲದ ಮೇಲೆ ಇರಬೇಕು. ಇಂಥವರು ಒಂದೇ ಕಾಲದಲ್ಲಿ ಎಪ್ಪತ್ತು ಮಂದಿಯವರೆಗೂ ಇದ್ದರು. ವೈದ್ಯಕಾಲೇಜಿನ ವಿದ್ಯಾರ್ಥಿಗಳನ್ನು ಕರೆಯುವುದೊಂದೇ ಉಳಿದ ದಾರಿಯಾಯಿತು. ಸುಮಾರು ೧,೫೦೦ ವಿದ್ಯಾರ್ಥಿಗಳು ಸರತಿಯ ಮೇಲೆ ಬಂದು, ಒಟ್ಟು ೧,೬೫,೦೦೦ ಗಂಟೆಗಳ ಕಾಲ ಈ ಕೆಲಸವನ್ನು ಮಾಡಿದರು. ವಿದ್ಯಾರ್ಥಿಯು ತಲೆದೆಸೆಯಲ್ಲಿ ಕುಳಿತು ಗಾಳಿಯನ್ನು ತುಂಬುತ್ತಿರಲು, ನಳಿಕೆಯಲ್ಲಿ ಸೇರಿದ ಕಫವನ್ನು ಹೀರಿ ತೆಗೆಯುವುದು, ಮಗ್ಗುಲನ್ನು ಬದಲಾಯಿಸುವುದು, ಆಹಾರವನ್ನು ಕೊಡುವುದು, ಇವೆಲ್ಲ ಹಿಂದಿನಂತೆ ದಾದಿಯರ ಪಾಲಿಗೆ ಉಳಿದುವು. ರೋಗಿಗಳಲ್ಲಿ ಅನೇಕರು ಮಕ್ಕಳು. ಕುತ್ತಿಗೆಯ ನಳಿಕೆಯಿಂದಾಗಿ ಅವರಿಗೆ ಮಾತಿಲ್ಲ, ಆದರೆ ಎಚ್ಚರವಿದ್ದಿತು. ಚೀಲವನ್ನು ಹಿಂಡುತ್ತ ಅವರಿಗೆ ಕಥೆಗಳನ್ನು ಓದಿ ಹೇಳಿದ ವಿದ್ಯಾರ್ಥಿಗಳೂ ಉಂಟು. ತಮ್ಮ ಕೈಯಲ್ಲಿಯೇ ರೋಗಿಯು ತೀರಿಕೊಂಡುದನ್ನು ಕಂಡು ಮತ್ತೆ ಬರಲಾರದೆ ಹೋದವರೂ ಉಂಟು.

ಪರಿಣಾಮವು ಅಂಕಿಗಳಲ್ಲಿ ಕಾಣುತ್ತದೆ. ಉಸಿರಾಟವು ಕುಂದಿದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಮೀರಿದ್ದ ಮರಣವು ಸುಮಾರು ನಲವತ್ತಕ್ಕೆ ಇಳಿಯಿತೆಂದು ಲಾಸೆನ್ ಅವರು ೧೯೫೩ರ ಜನವರಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ಮುಂದೆ ಅದು ಇನ್ನೂ ಇಳಿಯಿತು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಕೋಪನ್‌ಹೇಗನ್ನಿನಲ್ಲಿ ಸೋತದ್ದು ಯಂತ್ರ, ಗೆದ್ದದ್ದು ಕೈ. ಎಂಗ್‌ಸ್ಟ್ರೋಮ್ ಮೊದಲಾದವರ ಉತ್ತಮ ಯಂತ್ರಗಳು ಬಳಕೆಗೆ ಬಂದು ಆ ಕೈಗಳಿಗೆ ಬಿಡುವು ದೊರೆತುದು ಅನಂತರದ ಮಾತು. ಆದರೆ ಹಾಸಿಗೆಯ ಪಕ್ಕದ ಮನುಷ್ಯನನ್ನು ಯಂತ್ರವು ಅಲ್ಲಿಂದ ಎಬ್ಬಿಸಲಿಲ್ಲ. ೧೯೫೩ರ ಡಿಸೆಂಬರಿನಲ್ಲಿ ಇಬ್ಸೆನ್ ಅವರು ಅದೇ ನಗರದ ಕೊಮ್ಯೂನ್ ಆಸ್ಪತ್ರೆಯಲ್ಲಿ, ರೋಗವು ಯಾವುದೇ ಆಗಿರಲಿ, ಪ್ರಾಣಾಪಾಯದಲ್ಲಿದ್ದವರನ್ನೆಲ್ಲ ಒಂದೆಡೆ ಇರಿಸಿ ದಾದಿಯ ಕಣ್ಣು ಸದಾ ಅವರ ಮೇಲಿರುವಂತೆ ಒಂದು ವಿಭಾಗವನ್ನು ಸ್ಥಾಪಿಸಿದರು. ಇದಕ್ಕೆ ಮುಂಚೆ, ೧೯೨೩ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಾಲ್ಟರ್ ಡ್ಯಾಂಡಿ ಅವರು ಮಿದುಳಿನ ಶಸ್ತ್ರಚಿಕಿತ್ಸೆಯಾದವರಿಗಾಗಿ ಮೂರು ಹಾಸಿಗೆಗಳನ್ನು ಪ್ರತ್ಯೇಕಿಸಿದ್ದುದುಂಟು. ಆದರೆ ಇಂದು ತೀವ್ರನಿಗಾ ಘಟಕವೆನಿಸುವ ಏರ್ಪಾಡಿಗೆ ಕೋಪನ್‌ಹೇಗನ್ನಿನ ಈ ವಿಭಾಗವನ್ನೇ ಮೂಲವೆಂದು ಎಣಿಸುವುದು ರೂಢಿ.

೪

ರೋಗಿಗಳು ಒಂದೆಡೆ ಸೇರಿದರು, ದಾದಿಯು ಬಿಡದೆ ಇರುವಂತಾಯಿತು. ಇಷ್ಟಾದರೂ ಅವಳು ಆಜ್ಞೆಯನ್ನು ಕಾಯತಕ್ಕವಳಾಗಿಯೇ ಉಳಿದಳು. ಈ ಮೂರನೆಯ ತೊಡಕನ್ನು ಬಿಡಿಸಿದುದು ಹೃದ್ರೋಗ. ಹೃದಯಾಘಾತವಾದವರಲ್ಲಿ ಅನೇಕರು ಮೊದಲ ಒಂದೆರಡು ದಿನಗಳಲ್ಲಿ ಹೃದಯದ ಲಯವು ತಪ್ಪಿ ಹಠಾತ್ತನೆ ಸಾಯುತ್ತಿದ್ದರು. ವಿದ್ಯುತ್ತಿನ ಆಘಾತವನ್ನು ಎದೆಯ ಹೊರಗಿನಿಂದ ಕೊಟ್ಟು ಲಯವನ್ನು ಸರಿಪಡಿಸುವ ವಿಧಾನವನ್ನು ಪಾಲ್ ಜೋಲ್ ಅವರು ೧೯೫೬ರಲ್ಲಿ ಪ್ರಕಟಿಸಿದ್ದರು. ಎದೆಯನ್ನು ಒತ್ತಿ ರಕ್ತಸಂಚಾರವನ್ನು ನಡೆಸುವ ಕ್ರಮವು ೧೯೬೦ರಲ್ಲಿ ಪ್ರಕಟವಾಯಿತು. ಉಪಕರಣವೂ ಇದ್ದಿತು, ವಿದ್ಯೆಯೂ ಇದ್ದಿತು. ಆದರೆ ರಕ್ತವು ನಿಂತ ಮೂರು ನಾಲ್ಕು ನಿಮಿಷಗಳಲ್ಲಿ ಮಿದುಳು ಕೆಡತೊಡಗುವುದರಿಂದ, ವೈದ್ಯನು ಬರುವ ಹೊತ್ತಿಗೆ ಎರಡೂ ನಿರರ್ಥಕವಾಗುತ್ತಿದ್ದುವು.

ಎಡಿನ್‌ಬರೊ ನಗರದ ಡೆಸ್ಮಂಡ್ ಜೂಲಿಯನ್ ಅವರು ೧೯೬೧ರಲ್ಲಿ ಬರೆದ ಲೇಖನದಲ್ಲಿ ಇದಕ್ಕೆ ಪರಿಹಾರವನ್ನು ಸೂಚಿಸಿದರು: ಇಂಥ ರೋಗಿಗಳೆಲ್ಲ ಒಂದೇ ವಿಭಾಗದಲ್ಲಿರಬೇಕು, ಹೃದಯದ ಲಯವನ್ನು ಎಡೆಬಿಡದೆ ಕಾಯಬೇಕು, ವೈದ್ಯನಿಲ್ಲದಿರುವಾಗ ತರಬೇತಿ ಪಡೆದ ದಾದಿಯೇ ಪುನಶ್ಚೇತನದ ಕ್ರಮವನ್ನು ಪ್ರಾರಂಭಿಸಬೇಕು. ೧೯೬೨ರಲ್ಲಿ ಅಮೆರಿಕದ ಕಾನ್ಸಾಸ್ ನಗರದ ಬೆಥನಿ ಆಸ್ಪತ್ರೆಯಲ್ಲಿ ಹ್ಯೂಸ್ ಡೇ ಅವರು ಇಂಥ ವಿಭಾಗವನ್ನು ತೆರೆದರು. ಫಿಲಡೆಲ್ಫಿಯದ ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ವೈದ್ಯ ಲಾರೆನ್ಸ್ ಮೆಲ್ಟ್ಸರ್ ಮತ್ತು ದಾದಿ ರೋಸ್ ಪಿನಿಯೊ ಅವರು ಈ ತತ್ತ್ವವನ್ನೇ ಮುಂದುವರಿಸಿ, ವಿದ್ಯುತ್ತಿನ ಆಘಾತವನ್ನು ಕೊಡುವ ಕೆಲಸವನ್ನು ದಾದಿಯರಿಗೆ ವಹಿಸಿದರು. ೧೯೬೫ರಲ್ಲಿ ದಾದಿಯರಿಗಾಗಿಯೇ ಬರೆದ ಕೈಪಿಡಿಯನ್ನು ಹೊರತಂದರು. ನ್ಯೂಯಾರ್ಕಿನ ಕಿಲಿಪ್ ಮತ್ತು ಕಿಂಬಾಲ್ ಎಂಬವರು ೧೯೬೭ರಲ್ಲಿ ೨೫೦ ರೋಗಿಗಳ ಅನುಭವವನ್ನು ಪ್ರಕಟಿಸಿದರು. ರಕ್ತದೊತ್ತಡವು ತೀರ ಕುಸಿಯದಿದ್ದವರಲ್ಲಿ, ಸಾಮಾನ್ಯ ಚಿಕಿತ್ಸೆಯಲ್ಲಿ ನೂರಕ್ಕೆ ೨೬ರಷ್ಟಿದ್ದ ಮರಣವು ಇಂಥ ವಿಭಾಗದಲ್ಲಿ ೭ಕ್ಕೆ ಇಳಿದಿದ್ದಿತು.

ಇದು ಕೇವಲ ಕೆಲಸದ ಹಂಚಿಕೆಯಲ್ಲಿ ಆದ ಸಣ್ಣ ಮಾರ್ಪಾಡೆಂದು ಭಾವಿಸಬಾರದು. ಗೆರೆಯನ್ನು ಓದಿ ಅರ್ಥವನ್ನು ನಿರ್ಣಯಿಸುವುದು, ನಿರ್ಣಯಿಸಿದ ಕೂಡಲೆ ಚಿಕಿತ್ಸೆ ಮಾಡುವುದು, ಇವೆರಡೂ ಅಂದಿನವರೆಗೆ ವೈದ್ಯನ ಹಕ್ಕುಗಳಾಗಿದ್ದುವು. ನೈಟಿಂಗೇಲ್ ಅವರು ಎಳೆದ ಎಲ್ಲೆಯು ಇಲ್ಲಿ, ಒಂದು ಕೊಠಡಿಯ ಒಳಗೆ ಮಾತ್ರ, ಅಳಿಸಿಹೋಯಿತು.

೫

ಆದರೆ ವಿಷಮಾವಸ್ಥೆಯು ಆ ಕೊಠಡಿಯಲ್ಲಿಯೇ ಹುಟ್ಟುವುದಿಲ್ಲ. ಸಾಮಾನ್ಯ ವಾರ್ಡಿನಲ್ಲಿ ಮಲಗಿದ ರೋಗಿಯು ಕುಸಿಯುವುದಕ್ಕೆ ಎಷ್ಟೋ ಗಂಟೆಗಳ ಮುಂಚೆಯೇ ಉಸಿರು, ನಾಡಿ, ರಕ್ತದೊತ್ತಡಗಳಲ್ಲಿ ವ್ಯತ್ಯಾಸಗಳು ತೋರುತ್ತವೆ. ದಾದಿಯು ಅವನ್ನು ಬರೆದಿಟ್ಟಿರುತ್ತಾಳೆ. ಆದರೆ ಅದು ಬರೆಹವಾಗಿಯೇ ಉಳಿಯುತ್ತಿದ್ದಿತು. ೧೯೯೦ರಲ್ಲಿ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ, ನಿಶ್ಚಿತವಾದ ಲಕ್ಷಣಗಳು ಕಂಡೊಡನೆ ದಾದಿಯೂ ನೇರವಾಗಿ ತುರ್ತು ತಂಡವನ್ನು ಕರೆಯಬಹುದೆಂಬ ನಿಯಮವು ಜಾರಿಗೆ ಬಂದಿತು. ೧೯೯೭ರಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ಯಾಜೆಟ್ ಆಸ್ಪತ್ರೆಯವರು ಆ ಲಕ್ಷಣಗಳಿಗೆ ಅಂಕಗಳನ್ನು ಕೊಟ್ಟು ಮುನ್ಸೂಚನೆಯ ಲೆಕ್ಕವನ್ನು ರಚಿಸಿದರು. ೨೦೧೨ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ ಸಂಸ್ಥೆಯು ದೇಶಕ್ಕೆಲ್ಲ ಒಂದೇ ಕ್ರಮವನ್ನು ಪ್ರಕಟಿಸಿತು.

ಈ ಏರ್ಪಾಡು ಎಲ್ಲೆಡೆಯೂ ಎಣಿಸಿದ ಫಲವನ್ನು ಕೊಟ್ಟಿತೆಂದು ಹೇಳಲಾಗದು. ಆಸ್ಟ್ರೇಲಿಯದ ೨೩ ಆಸ್ಪತ್ರೆಗಳಲ್ಲಿ ನಡೆದು ೨೦೦೫ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತುರ್ತು ತಂಡವಿದ್ದ ಆಸ್ಪತ್ರೆಗಳಿಗೂ ಇಲ್ಲದವಕ್ಕೂ ಗಣನೀಯವಾದ ಅಂತರವು ಕಾಣಲಿಲ್ಲ. ಆದರೆ ಅದೇ ಪರೀಕ್ಷೆಯಿಂದ ತಿಳಿದುಬಂದ ಇನ್ನೊಂದು ಸಂಗತಿಯಿದೆ: ಲಕ್ಷಣಗಳು ಕಂಡಿದ್ದರೂ ಅನೇಕ ಸಂದರ್ಭಗಳಲ್ಲಿ ಕರೆಯೇ ಹೋಗಿರಲಿಲ್ಲ. ಕಾಗದದ ಮೇಲೆ ಕೊಟ್ಟ ಅಧಿಕಾರವು ಕೈಗೆ ಬಂದ ಅಧಿಕಾರವಲ್ಲ.

ಕೈಗೆ ಬರಬೇಕಾದರೆ ಬಿಡುವಿನ ಕೈಯೂ ಬೇಕು. ಅಮೆರಿಕದ ಪೆನ್ಸಿಲ್ವೇನಿಯದ ೧೬೮ ಆಸ್ಪತ್ರೆಗಳನ್ನು ಕುರಿತು ಲಿಂಡಾ ಐಕನ್ ಮತ್ತು ಸಹೋದ್ಯೋಗಿಗಳು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ದಾದಿಯ ಪಾಲಿಗೆ ಹೆಚ್ಚಾಗಿ ಬರುವ ಪ್ರತಿಯೊಬ್ಬ ರೋಗಿಯಿಂದ, ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನಗಳೊಳಗೆ ಸಾಯುವ ಸಂಭವವು ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಉಪದ್ರವಗಳು ತಲೆದೋರಿದವರನ್ನು ಉಳಿಸಿಕೊಳ್ಳಲಾರದೆ ಹೋಗುವ ಸಂಭವವೂ ಅಷ್ಟೇ ಏರುತ್ತದೆ. ಕ್ಯಾಲಿಫೋರ್ನಿಯ ಸಂಸ್ಥಾನವು ೧೯೯೯ರಲ್ಲಿ ಶಾಸನವನ್ನು ಮಾಡಿ, ೨೦೦೪ರಿಂದ ದಾದಿಯರ ಕನಿಷ್ಠ ಸಂಖ್ಯೆಯನ್ನು ಜಾರಿಗೆ ತಂದಿತು. ಅದರಂತೆ ತೀವ್ರನಿಗಾ ಘಟಕದಲ್ಲಿ ಒಬ್ಬ ದಾದಿಗೆ ಇಬ್ಬರು ರೋಗಿಗಳಿಗಿಂತ ಹೆಚ್ಚು ಇರಕೂಡದು.

ಇಷ್ಟನ್ನೂ ಒಟ್ಟುಗೂಡಿಸಿ ನೋಡಿದರೆ, ಚರಕಸಂಹಿತೆಯು ಎಣಿಸಿದ ಪರಿಚಾರಕನ ನಾಲ್ಕು ಗುಣಗಳಲ್ಲಿ ಯಾವುದನ್ನೂ ಈ ಇತಿಹಾಸವು ತಳ್ಳಿಹಾಕಿಲ್ಲವೆಂಬುದು ಸ್ಪಷ್ಟ. ಶುಚಿತ್ವದ ಬೆಲೆಯನ್ನು ಸ್ಕುಟಾರಿಯೂ, ಅನುರಾಗದ ಮತ್ತು ದಕ್ಷತೆಯ ಬೆಲೆಯನ್ನು ಕೋಪನ್‌ಹೇಗನ್ನೂ, ಅರಿವಿನ ಬೆಲೆಯನ್ನು ಫಿಲಡೆಲ್ಫಿಯವೂ ತೋರಿಸಿಕೊಟ್ಟುವು. ಬದಲಾದುದು ಪಾದಗಳ ಪ್ರಾಧಾನ್ಯದ ಕ್ರಮ. ನಿಮಿಷಗಳ ಲೆಕ್ಕದಲ್ಲಿ ಪ್ರಾಣವು ನಿಂತಿರುವ ಕಡೆ, ಆ ನಿಮಿಷದಲ್ಲಿ ಹಾಸಿಗೆಯ ಬಳಿ ಯಾರಿರುವರೋ ಅವರೇ ಪ್ರಧಾನರು. ಅವರಿಗೆ ಕಲಿಸಿ, ಅಧಿಕಾರವನ್ನು ಕೊಟ್ಟು, ಬೇಕಾದಷ್ಟು ಸಂಖ್ಯೆಯಲ್ಲಿ ಅಲ್ಲಿ ನಿಲ್ಲಿಸುವುದು ಆಸ್ಪತ್ರೆಯ ಹೊಣೆ. ಇದನ್ನು ಮಾಡದೆ ಯಂತ್ರಗಳನ್ನು ಮಾತ್ರ ತಂದಿಟ್ಟ ಆಸ್ಪತ್ರೆಯು ೧೯೫೨ರ ಆಗಸ್ಟಿನ ಮೊದಲ ವಾರಗಳಲ್ಲಿ ಬ್ಲೆಗ್‌ಡಾಮ್ ಆಸ್ಪತ್ರೆಯಿದ್ದ ಸ್ಥಿತಿಯಿಂದ ಹೆಚ್ಚು ಮುಂದೆ ಬಂದಿಲ್ಲವೆಂದೇ ಹೇಳಬೇಕಾಗುತ್ತದೆ.