ಕ್ರಿಯೆ ಮೊದಲೋ, ಕರ್ಮ ಮೊದಲೋ

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಕಟ್ಟತೊಡಗಿದಾಗ ಕಂಪ್ಯೂಟರಿನೊಡನೆ ಮಾತಾಡುವ ಸಾಧನ ಟೆಲಿಟೈಪ್ ಆಗಿತ್ತು. ಟೈಪ್‌ರೈಟರಿನಂಥ ಈ ಯಂತ್ರ ಸೆಕೆಂಡಿಗೆ 10 ಅಕ್ಷರಗಳನ್ನು ಕಾಗದದ ಮೇಲೆ ಕುಟ್ಟುತ್ತಿತ್ತು. ಅದರ ಕೀಲಿಗಳೂ ಬಿಗಿ, ವೇಗವೂ ಕಡಿಮೆ. ಆದ್ದರಿಂದ ಆಜ್ಞೆಗಳು ಚುಟುಕಾದವು: ನಕಲು ಮಾಡಲು ‘ಸಿಪಿ’, ಬೇರೆಡೆಗೆ ಸರಿಸಲು ‘ಎಂವಿ’, ಅಳಿಸಲು ‘ಆರ್‌ಎಂ’. ಟೆಲಿಟೈಪ್ ಮ್ಯೂಸಿಯಂ ಸೇರಿದೆ, ಈ ಎರಡಕ್ಷರದ ಆಜ್ಞೆಗಳು ಮಾತ್ರ ಇಂದಿಗೂ ಬಳಕೆಯಲ್ಲಿವೆ.

ಈ ಆಜ್ಞೆಗಳಿಗೆ ಒಂದು ವ್ಯಾಕರಣವಿದೆ. ಮೊದಲು ಕ್ರಿಯೆ, ಆಮೇಲೆ ಕರ್ಮ: ‘ಅಳಿಸು, ಈ ಕಡತವನ್ನು’. ಇಂಗ್ಲಿಷಿನ ಆಜ್ಞಾರ್ಥಕ ವಾಕ್ಯದ ಪದಕ್ರಮವೇ ಇಲ್ಲಿಯದೂ. 1973ರಲ್ಲಿ ಡಗ್ ಮ್ಯಾಕಿಲ್‌ರಾಯ್ ಅವರ ಒತ್ತಾಯದಿಂದ ಇದಕ್ಕೆ ‘ಪೈಪ್’ ಸೇರಿತು. ಒಂದು ಪ್ರೋಗ್ರಾಮಿನ ಫಲಿತಾಂಶ ನೇರವಾಗಿ ಇನ್ನೊಂದಕ್ಕೆ ಹರಿಯುವ ವ್ಯವಸ್ಥೆ ಅದು. ಒಂದು ಪ್ರೋಗ್ರಾಂ ಪದಗಳನ್ನು ಅಕಾರಾದಿಯಾಗಿ ಜೋಡಿಸಿದರೆ, ಮುಂದಿನದು ಯಾವ ಪದ ಎಷ್ಟು ಸಲ ಬಂದಿದೆಯೆಂದು ಎಣಿಸುತ್ತದೆ. ಎರಡನ್ನೂ ಬರೆದವರಿಗೆ ಹೊಳೆಯದ ಕೆಲಸವನ್ನು ಬಳಸುವವನು ಒಂದೇ ಸಾಲಿನಲ್ಲಿ ಮಾಡಿಸಬಹುದು. ಭಾಷೆಯ ಶಕ್ತಿಯೂ ಇಂಥದ್ದೇ: ಇದ್ದ ಪದಗಳಿಂದಲೇ ಹಿಂದೆ ಯಾರೂ ಆಡದ ವಾಕ್ಯ. ಆದರೆ ಭಾಷೆಯ ಷರತ್ತೂ ಇಲ್ಲಿದೆ. ಪದಕೋಶ ಬಾಯಿಪಾಠವಾಗಿರಬೇಕು, ಖಾಲಿ ಪರದೆ ಯಾವ ಸುಳಿವನ್ನೂ ಕೊಡುವುದಿಲ್ಲ.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಬೇರೆಯೇ ಪ್ರಯೋಗ ನಡೆದಿತ್ತು. ಅಲ್ಲಿ 1973ರಲ್ಲಿ ಸಿದ್ಧವಾದ ‘ಆಲ್ಟೊ’ ಕಂಪ್ಯೂಟರಿಗೆ ಮೌಸ್ ಇತ್ತು. ಅದರ ಪರದೆಯ ಒಂದೊಂದು ಚುಕ್ಕೆಯನ್ನೂ ಬೇಕಾದಂತೆ ಬೆಳಗಿಸಬಹುದಿತ್ತು. ಅದಕ್ಕಾಗಿ ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೊನಿ ರೂಪಿಸಿದ ‘ಬ್ರಾವೊ’ ಎಂಬ ಬರಹದ ಪ್ರೋಗ್ರಾಮಿನಲ್ಲಿ ಎರಡು ಸ್ಥಿತಿಗಳಿದ್ದವು: ಒಂದರಲ್ಲಿ ಕೀಲಿ ಒತ್ತಿದರೆ ಅಕ್ಷರ, ಇನ್ನೊಂದರಲ್ಲಿ ಅದೇ ಕೀಲಿ ಆಜ್ಞೆ. ಇದರ ಅಪಾಯವನ್ನು ಹೇಳುವ ಒಂದು ಪ್ರಸಂಗ ಪ್ರಸಿದ್ಧ. ಸ್ಥಿತಿ ಮರೆತು ಯಾರಾದರೂ ‘ಎಡಿಟ್’ ಎಂಬ ಇಂಗ್ಲಿಷ್ ಪದ ಟೈಪ್ ಮಾಡಿದರೆ, ‘ಇ’ಗೆ ಇಡೀ ದಾಖಲೆ ಆಯ್ಕೆಯಾಗುತ್ತಿತ್ತು, ‘ಡಿ’ಗೆ ಅದು ಅಳಿಯುತ್ತಿತ್ತು, ‘ಐ’ ಒತ್ತಿದಾಗ ಬರೆಯುವ ಸ್ಥಿತಿ ಶುರು. ಕೊನೆಗೆ ಪರದೆಯ ಮೇಲೆ ಉಳಿಯುತ್ತಿದ್ದದ್ದು ಒಂದು ಒಂಟಿ ‘ಟಿ’.

ಲ್ಯಾರಿ ಟೆಸ್ಲರ್ ಜೀವನವಿಡೀ ಹೋರಾಡಿದ್ದು ಇಂಥ ಸ್ಥಿತಿಗಳ ವಿರುದ್ಧ. ಟಿಮ್ ಮಾಟ್ ಜೊತೆಗೂಡಿ, ‘ಗಿನ್’ ಎಂಬ ಪಠ್ಯಪುಸ್ತಕ ಪ್ರಕಾಶನದ ಸಂಪಾದಕರಿಗಾಗಿ ಅವರು ‘ಜಿಪ್ಸಿ’ ರೂಪಿಸಿದರು. ಅದರ ಕಟ್ ಮತ್ತು ಪೇಸ್ಟ್ ಕತ್ತರಿ-ಅಂಟಿನ ಕೆಲಸದ ನೆರಳು. ಅಲ್ಲಿ ಪದಕ್ರಮ ತಿರುಗಿತು: ಮೊದಲು ಕರ್ಮವನ್ನು ತೋರಿಸು, ಆಮೇಲೆ ಕ್ರಿಯೆಯನ್ನು ಹೇಳು. ಕ್ರಿಯೆ ಮೊದಲು ಬಂದರೆ ಯಂತ್ರ ‘ಯಾವುದನ್ನು?’ ಎಂದು ಕಾಯುತ್ತ ನಿಲ್ಲುತ್ತದೆ. ಆ ಕಾಯುವಿಕೆಯೇ ಒಂದು ಸ್ಥಿತಿ. ಕರ್ಮ ಮೊದಲಾದರೆ ಮನಸ್ಸು ಬದಲಿಸಿದರೂ ನಷ್ಟವಿಲ್ಲ. ಮುಂದೆ ಟೆಸ್ಲರ್ ಆಪಲ್ ಸೇರಿದರು. 1983ರ ಲೀಸಾ, 1984ರ ಮ್ಯಾಕಿಂಟಾಷ್ ಮೂಲಕ ಈ ಕ್ರಮ ಜನಸಾಮಾನ್ಯರನ್ನು ತಲುಪಿತು. ‘ಕಡತವನ್ನು ಅಳಿಸು’, ‘ಬಾಗಿಲು ಹಾಕು’ ಎನ್ನುವ ಕನ್ನಡದ ಕ್ರಮವೂ ಇದೇ. ಅವರು ಕನ್ನಡವನ್ನು ನೆನೆದು ಮಾಡಿದ್ದಲ್ಲ, ನಿಜ. ಆದರೆ ಕ್ರಿಯಾಪದ ಮೊದಲು ಬರುವುದೇ ಸಹಜವೆಂಬ ಭಾವನೆ ಒಂದು ಭಾಷೆಯ ಅಭ್ಯಾಸ ಮಾತ್ರ ಎಂಬುದಕ್ಕೆ ಇದು ಸಾಕ್ಷಿ.

ಪದಕ್ರಮಕ್ಕಿಂತ ಕನ್ನಡಕ್ಕೆ ಹೆಚ್ಚು ಮುಖ್ಯವಾದದ್ದು ಪರದೆ. 1981ರ ಐಬಿಎಂ ಪಿಸಿಯ ಪಠ್ಯಪರದೆ 80 ಕಂಬಸಾಲು, 25 ಅಡ್ಡಸಾಲುಗಳ ಚೌಕಳಿ. ಒಂದು ಮನೆಗೆ ಒಂದು ಅಕ್ಷರ. ಅದೂ ಮೊದಲೇ ಅಚ್ಚುಹಾಕಿಟ್ಟ 256ರಲ್ಲಿ ಒಂದು. ಇಂಗ್ಲಿಷಿಗೆ ಅದು ಧಾರಾಳವಾಯಿತು. ಆದರೆ ‘ಲಕ್ಷ್ಮೀ’ ಎಂದು ಬರೆಯಲು ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ದೀರ್ಘ ಬೇಕು. ಆ ಚೌಕಳಿಯಲ್ಲಿ ಇವಕ್ಕೆಲ್ಲ ಜಾಗವೆಲ್ಲಿ? ಐಐಟಿ ಕಾನ್ಪುರದ ಸಂಶೋಧನೆಯಿಂದ ಹುಟ್ಟಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಕಾರ್ಡ್ ಇದಕ್ಕೊಂದು ದಾರಿ ಹುಡುಕಿತು. ಕಂಪ್ಯೂಟರಿನೊಳಗೆ ಆ ಕಾರ್ಡ್ ಕೂರಿಸಿದರೆ ಡಾಸ್ ಪ್ರೋಗ್ರಾಮುಗಳಲ್ಲಿ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಅಂದರೆ ಇಂಗ್ಲಿಷಿಗೆ ಕಂಪ್ಯೂಟರ್ ಸಾಕು, ಕನ್ನಡಕ್ಕೆ ಬೇರೆ ಯಂತ್ರಾಂಶವನ್ನೇ ಕೊಳ್ಳಬೇಕು.

ವಿಂಡೋಸ್‌ನಂಥ ಚಿತ್ರಪರದೆಯಲ್ಲಿ ಈ ತಾರತಮ್ಯ ಕರಗಿತು. ಅಲ್ಲಿ ‘ಎ’ ಕೂಡ ಚಿತ್ರವೇ, ‘ಕ್ಷ್ಮೀ’ ಕೂಡ ಚಿತ್ರವೇ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಾಗ ಬೇಕಾದದ್ದು ತಂತ್ರಾಂಶ ಮಾತ್ರ. ಊರಿನಿಂದ ದೂರವಿದ್ದವರಿಗೂ ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಸಾಧ್ಯವಾಯಿತು.

ಪಠ್ಯ ಹಳೆಯದು, ಚಿತ್ರ ಹೊಸದು ಎಂಬ ಲೆಕ್ಕ ಮಾತ್ರ ತಪ್ಪು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೋಟ್ಯಂತರ ಜನ ಮತ್ತೆ ಖಾಲಿ ಸಾಲಿನಲ್ಲಿ ಟೈಪ್ ಮಾಡುತ್ತಿದ್ದಾರೆ. ಈ ಸಲ ಕನ್ನಡದ ವಾಕ್ಯವೂ ನಡೆಯುತ್ತದೆ, ಕ್ರಿಯಾಪದ ಕೊನೆಗೆ ಬಂದರೂ ಸರಿ. ಆದರೆ ‘ಆರ್‌ಎಂ’ಗೆ ಇದ್ದದ್ದು ಒಂದೇ ಅರ್ಥ, ಈ ಹೊಸ ಸಂಭಾಷಣೆಗೆ ಆ ಖಚಿತತೆ ಇಲ್ಲ. ಇತ್ತ ಹಳೆಯ ಚೌಕಳಿಯ ವಾರಸುದಾರರಾದ ಟರ್ಮಿನಲ್‌ಗಳಲ್ಲಿ ಹಲವು ಇಂದಿಗೂ ‘ಲಕ್ಷ್ಮೀ’ಯನ್ನು ನೆಟ್ಟಗೆ ತೋರಿಸಲಾರವು. ಚೌಕಳಿ ಗೀಚಿದಾಗ ಎದುರಿಗಿದ್ದದ್ದು ಒಂದೇ ಲಿಪಿ. ಅದರ ಬಾಕಿಯನ್ನು ಉಳಿದ ಲಿಪಿಗಳು ಇನ್ನೂ ತೀರಿಸುತ್ತಿವೆ.